ಟಿವಿ 4ಕೆ, ಚಿತ್ರ ಮಸುಕು: ತಪ್ಪು ಎಲ್ಲಿದೆ ಅಂತ ಹುಡುಕುವ ದಾರಿ

ಹೊಸ ಟಿವಿ ಬಂದ ವಾರದೊಳಗೆ ಕೇಳಿಬರುವ ದೂರು ಒಂದೇ. "ಅಂಗಡಿಯಲ್ಲಿ ಕಂಡ ಚಿತ್ರ ಮನೆಯಲ್ಲಿಲ್ಲ. ಹಳೇ ಡಬ್ಬಾನೇ ಚೆನ್ನಾಗಿತ್ತು." ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಈ ದೂರು ಇನ್ನೂ ಜಾಸ್ತಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಹಿಂದಿ, ಮರಾಠಿ ಚಾನೆಲ್ಲುಗಳು ಎಚ್‌ಡಿ ಪ್ಯಾಕಿನಲ್ಲೇ ಬರುತ್ತವೆ. ಕನ್ನಡದ ಚಾನೆಲ್ಲುಗಳನ್ನು ಮಾತ್ರ ಕೇಬಲ್‌ವಾಲಾನಿಗೆ ಹೇಳಿ ಬೇರೆ ಹಾಕಿಸಿಕೊಂಡಿರುತ್ತಾರೆ, ಅದೂ ಎಸ್‌ಡಿಯಲ್ಲಿ, ಅಂದರೆ ಹಳೇ ಕಾಲದ ಕಡಿಮೆ ವಿವರದ ಚಿತ್ರದಲ್ಲಿ. ಹೀಗಾಗಿ ಒಂದೇ ಟಿವಿಯಲ್ಲಿ ಮಗನ ಕ್ರಿಕೆಟ್ ಫಳಫಳ ಹೊಳೆಯುತ್ತದೆ, ಅಜ್ಜಿಯ ಧಾರಾವಾಹಿ ಮಸುಕಾಗಿರುತ್ತದೆ.

ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಒಂದು ಚಾನೆಲ್ ಚೆನ್ನಾಗಿ ಬಂದು ಇನ್ನೊಂದು ಕೆಟ್ಟರೆ ಟಿವಿಯ ತಪ್ಪಲ್ಲ. ಸ್ಟುಡಿಯೋದಿಂದ ಹೊರಟ ಚಿತ್ರ ಚಾನೆಲ್, ಬಾಕ್ಸ್, ವೈರು, ಟಿವಿಯ ಸೆಟ್ಟಿಂಗ್, ಪರದೆ ಎಲ್ಲ ದಾಟಿ ಸೋಫಾದಲ್ಲಿ ಕೂತವರ ಕಣ್ಣಿಗೆ ತಲುಪಬೇಕು. ದಾರಿಯಲ್ಲಿ ಒಂದು ಕಡೆ ಎಸ್‌ಡಿಗೆ ಇಳಿದರೂ ಸಾಕು, ಮುಂದೆ ಎಷ್ಟೇ ದುಬಾರಿ ಪರದೆ ಇಟ್ಟರೂ ಅದು ಎಸ್‌ಡಿಯೇ. ಎಲ್ಲಿ ಇಳಿಯಿತು ಅಂತ ಗೊತ್ತಾಗುವ ತನಕ ಪರ್ಸ್ ತೆಗೆಯಬೇಡಿ.

ಮೊದಲು ದೂರು ಸರಿಯಾಗಿ ಹೇಳಿ

"ಕ್ಲಿಯರ್ ಇಲ್ಲ" ಅಂದರೆ ಸಾಲದು. ಚಿತ್ರ ಎಲ್ಲ ಹೊತ್ತೂ ಒಂದೇ ರೀತಿ ಮೆತ್ತಗೆ, ಮಸುಕಾಗಿ ಇದ್ದರೆ ಅದು ರೆಸಲ್ಯೂಷನ್‌ನ, ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕೆ (ಪಿಕ್ಸೆಲ್) ಇವೆ ಅನ್ನುವುದರ ಸಮಸ್ಯೆ. ಚೌಕ ಚೌಕವಾಗಿ ಒಡೆದು, ನಿಂತು, ಧ್ವನಿಯೂ ಕತ್ತರಿಸಿದರೆ ಅದು ಸಿಗ್ನಲ್‌ನ ಸಮಸ್ಯೆ. ಬಿಳಿ ಚುಕ್ಕೆ ಮಿನುಗಿದರೆ, ಅಥವಾ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬಂದರೆ ಬಾಕ್ಸನ್ನು ಟಿವಿಗೆ ಜೋಡಿಸುವ ಎಚ್‌ಡಿಎಂಐ ವೈರನ್ನು ಅನುಮಾನಿಸಿ. ಬರೀ ಓಡುವ ಚೆಂಡಿನ ಹಿಂದೆ ಬಾಲ ಕಂಡು, ನಿಂತ ಮುಖ ಚೆನ್ನಾಗಿದ್ದರೆ ಅದು ಪರದೆಯ ವೇಗದ ವಿಷಯ. ಅದಕ್ಕೂ ರೆಸಲ್ಯೂಷನ್‌ಗೂ ಸಂಬಂಧ ಇಲ್ಲ.

ಇವನ್ನು ಕಲಸಿಬಿಟ್ಟರೆ ದುಡ್ಡು ತಪ್ಪು ಕಡೆ ಹೋಗುತ್ತದೆ. ಮಸುಕಿಗೆ ಮದ್ದು ಅಂತ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಚಿನ್ನದ ಲೇಪದ ಎಚ್‌ಡಿಎಂಐ ವೈರು ತರುವವರಿದ್ದಾರೆ. ಎಚ್‌ಡಿಎಂಐಯಲ್ಲಿ ಹರಿಯುವುದು ಅಂಕಿಗಳು. ಅವು ಸರಿಯಾಗಿ ಬರುತ್ತವೆ, ಇಲ್ಲವೇ ಚುಕ್ಕೆ ಮಿನುಗಿ ಚಿತ್ರ ಹಾರುತ್ತದೆ. ವೈರು ಸಾಧಾರಣ ಅನ್ನುವ ಕಾರಣಕ್ಕೆ ಮುಖ ಮಸುಕಾಗುವುದಿಲ್ಲ.

ಚೌಕ ಒಡೆಯುವ ರೋಗವನ್ನೂ ಇಲ್ಲೇ ಮುಗಿಸಿಬಿಡೋಣ. ಡಿಶ್ ಇದ್ದವರಿಗೆ ಇದು ಜೂನ್‌ನಿಂದ ಸೆಪ್ಟೆಂಬರ್ ತನಕದ ಕಾಯಿಲೆ. ಡಿಶ್‌ಗೆ ಬರುವ ಕೆಯು ಬ್ಯಾಂಡ್ ಸಿಗ್ನಲ್ಲನ್ನು ಜೋರು ಮಳೆ ಹೀರಿಬಿಡುತ್ತದೆ. ಮಳೆ ನಿಂತ ಮೇಲೆ ಸರಿಹೋದರೆ ರಿಪೇರಿ ಏನೂ ಬೇಡ. ನಿಂತ ಮೇಲೂ ಒಡೆಯುತ್ತಿದ್ದರೆ ಡಿಶ್ ಅಲುಗಿದೆಯಾ, ಡಿಶ್‌ನ ಮುಂದಿರುವ ಎಲ್‌ಎನ್‌ಬಿ ಡಬ್ಬಿಯ ಜಾಯಿಂಟಿಗೆ ನೀರು ಇಳಿದಿದೆಯಾ ನೋಡಿಸಿ. ಮುಂಬಯಿಯಿಂದ ನಮ್ಮ ಡಿಟಿಎಚ್ ಉಪಗ್ರಹಗಳು ಆಕಾಶದಲ್ಲಿ ಸಾಕಷ್ಟು ಎತ್ತರಕ್ಕೇ ಕಾಣುತ್ತವೆ. ಹಾಗಾಗಿ ಎದುರಿನ ಎತ್ತರದ ಕಟ್ಟಡಕ್ಕಿಂತ, ಮೇಲಿನ ಮನೆಯವರು ಮಳೆಗಾಲಕ್ಕೆ ಅಂತ ಕಿಟಕಿಗೆ ಹೊಸದಾಗಿ ಹಾಕಿಸಿದ ಛಜ್ಜಾ, ಕಟ್ಟಿದ ತಾಡಪತ್ರಿ ಅಡ್ಡ ಬರುವುದೇ ಹೆಚ್ಚು. ತಲೆ ಎತ್ತಿ ಒಮ್ಮೆ ನೋಡಿ.

ಇನ್ನು ಉಳಿದದ್ದು ಮಸುಕು.

ಟಿವಿಯನ್ನು ಮೊದಲು ಖುಲಾಸೆ ಮಾಡಿ

ಬಾಕ್ಸ್, ವೈರು ಎಲ್ಲ ಬಿಟ್ಟು ಟಿವಿಯೊಳಗಿನ ಯೂಟ್ಯೂಬ್ ತೆರೆಯಿರಿ. 4ಕೆಯಲ್ಲಿ ಹಾಕಿದ ಕಾಡು, ಸಮುದ್ರದ ವಿಡಿಯೋ ಯಾವುದಾದರೂ ಹಚ್ಚಿ. ಸೆಟ್ಟಿಂಗ್ ಗುರುತಿನಲ್ಲಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಒತ್ತಿದರೆ ಈಗ ಓಡುತ್ತಿರುವ ರೆಸಲ್ಯೂಷನ್ ಕಾಣಿಸುತ್ತದೆ. ಮೊದಲ ಕೆಲವು ಸೆಕೆಂಡ್ ಕಡಿಮೆ ಇದ್ದು ಆಮೇಲೆ 3840 x 2160ಕ್ಕೆ ಏರಬೇಕು. ಏರಿದ ಮೇಲೆ ಎಲೆಯ ನರ ಕಂಡರೆ ಪರದೆ ಸರಿ ಇದೆ. ಕಂಪನಿಗೆ ಫೋನ್ ಮಾಡುವುದು ಬೇಡ. ಟಿವಿಯ ಮೆನು ಅಕ್ಷರ ಚೂಪಾಗಿದೆ ಅಂತ ಮಾತ್ರ ತೀರ್ಮಾನಕ್ಕೆ ಬರಬೇಡಿ. ಎಷ್ಟೋ 4ಕೆ ಟಿವಿಗಳು ಮೆನುವನ್ನು ಫುಲ್ ಎಚ್‌ಡಿಯಲ್ಲೇ ಬರೆದು ದೊಡ್ಡದು ಮಾಡಿ ತೋರಿಸುತ್ತವೆ.

ಈಗ ಅಂಕಿಗಳನ್ನು ಒಮ್ಮೆ ನೋಡಿಬಿಡೋಣ. ಎಸ್‌ಡಿ ಚಿತ್ರ 720 x 576, ಅಂದರೆ ಸುಮಾರು 4 ಲಕ್ಷ ಚುಕ್ಕೆ. ಫುಲ್ ಎಚ್‌ಡಿ 1920 x 1080, ಸುಮಾರು 20 ಲಕ್ಷ. 4ಕೆ 3840 x 2160, ಸುಮಾರು 83 ಲಕ್ಷ. ಎಸ್‌ಡಿ ಚಾನೆಲ್ಲನ್ನು 4ಕೆ ಟಿವಿಯಲ್ಲಿ ಹಾಕಿದರೆ ಬಂದ ಒಂದೊಂದು ಚುಕ್ಕೆಯಿಂದ ಇಪ್ಪತ್ತು ಚುಕ್ಕೆ ಮಾಡಬೇಕು. ಹತ್ತೊಂಬತ್ತು ಟಿವಿಯ ಊಹೆ. ಊಹೆ ಎಷ್ಟೇ ಜಾಣತನದ್ದಾದರೂ ಇಲ್ಲದ ಕಣ್ರೆಪ್ಪೆಯನ್ನು ತರಲಾರದು.

ಆ 576 ಎಲ್ಲಿಂದ ಬಂತು? ಭಾರತ ಪಾಲ್ ಪದ್ಧತಿಯ 625 ಗೆರೆಯ ಟಿವಿಯನ್ನು ಆರಿಸಿಕೊಂಡಿತ್ತು. ಅದರಲ್ಲಿ ಚಿತ್ರವಾಗಿ ಕಾಣುವುದು 576 ಗೆರೆ. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಶುರುವಾದಾಗಲೂ 625 ಗೆರೆಯೇ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂದರೂ ಗೆರೆ ಅಷ್ಟೇ. 2012ರ ಅಕ್ಟೋಬರ್ 31ರ ಗಡುವಿಗೆ ಮುಂಬಯಿಯ ಕೇಬಲ್ ಡಿಜಿಟಲ್ ಆಯಿತು, ಮನೆಮನೆಗೆ ಬಾಕ್ಸ್ ಬಂತು. ಆದರೆ ಡಿಜಿಟಲ್ ಅಂದರೆ ಎಚ್‌ಡಿ ಅಲ್ಲ. ಈ ಎರಡನ್ನೂ ಒಂದೇ ಅಂದುಕೊಂಡವರು ಇಂದಿಗೂ ಬಹಳ.

ಚಾನೆಲ್ ನಿಜಕ್ಕೂ ಎಚ್‌ಡಿಯಾ?

ರಿಮೋಟಿನ ಇನ್ಫೋ ಗುಂಡಿ ಒತ್ತಿದರೆ ಟಿವಿ 1920 x 1080 ಅಂತ ತೋರಿಸಬಹುದು. ನಂಬಬೇಡಿ. ಅದು ಬಾಕ್ಸು ಟಿವಿಗೆ ಕೊಡುತ್ತಿರುವ ಅಳತೆ. ಬಾಕ್ಸು ಎಸ್‌ಡಿ ಚಾನೆಲ್ಲನ್ನೇ ಹಿಗ್ಗಿಸಿ 1080 ಮಾಡಿ ಕಳಿಸುತ್ತಿರಬಹುದು. ಚಾನೆಲ್ಲಿನ ಲೋಗೋ ಪಕ್ಕ ಎಚ್‌ಡಿ ಅಂತ ಇದೆಯಾ ನೋಡಿ, ಚಾನೆಲ್ ನಂಬರ್ ನೋಡಿ. 2019ರಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್‌ನ ಹೊಸ ದರ ನಿಯಮ ಬಂದಾಗಿನಿಂದ ಚಾನೆಲ್ಲುಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಒಂದೇ ಚಾನೆಲ್ಲಿನ ಎಸ್‌ಡಿ ಬೇರೆ, ಎಚ್‌ಡಿ ಬೇರೆ, ಬೆಲೆಯೂ ಬೇರೆ. ಎಸ್‌ಡಿಗೆ ದುಡ್ಡು ಕಟ್ಟಿ ಎಚ್‌ಡಿ ಬರಲಿಲ್ಲ ಅಂದರೆ ಯಾರೂ ಏನೂ ಮಾಡಲಾಗದು.

ಕನ್ನಡ ನೋಡುವವರಿಗೆ ಒಂದು ಒಳ್ಳೆಯ ಪರೀಕ್ಷೆ ಇದೆ, ಒತ್ತಕ್ಷರ. ಕನ್ನಡ ನ್ಯೂಸ್ ಚಾನೆಲ್ ಹಾಕಿ ಕೆಳಗೆ ಓಡುವ ಪಟ್ಟಿ ನೋಡಿ. "ಮಹಾರಾಷ್ಟ್ರ" ಅಂತ ಬಂದಾಗ "ಷ್ಟ್ರ"ದ ಮೇಲೆ ಕಣ್ಣಿಡಿ. ಷ ಅಕ್ಷರದ ಕೆಳಗಿನ ಟ ಒತ್ತು, ಅದರ ಪಕ್ಕದ ರ ಒತ್ತು ಎರಡೂ ಬೇರೆ ಬೇರೆಯಾಗಿ ಕಂಡರೆ ಬಹುಶಃ ಎಚ್‌ಡಿ. ಎರಡೂ ಸೇರಿ ಒಂದು ಕಪ್ಪು ಗಂಟಾಗಿದ್ದರೆ ಎಸ್‌ಡಿ. ಪೂರ್ತಿ ಚಿತ್ರಕ್ಕೇ 576 ಗೆರೆ ಇರುವಾಗ ಪಟ್ಟಿಯೊಳಗಿನ ಒಂದು ಒತ್ತಿಗೆ ಸಿಗುವುದು ಕೆಲವೇ ಗೆರೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು, ಕೆಳಗೆ ಏನೂ ತೂಗಿಬಿಡಬೇಕಿಲ್ಲ. ನಮ್ಮ ಲಿಪಿಗೆ ಸಾಲದು. ಅದಕ್ಕೇ ಹಿರಿಯರು "ಕನ್ನಡ ಚಾನೆಲ್ಲೇ ಓದೋಕಾಗಲ್ಲ" ಅನ್ನುವುದು. ಪಾಪ, ಅವರ ಕನ್ನಡಕವನ್ನು ದೂರಬೇಡಿ.

ಎಚ್‌ಡಿ ಚಾನೆಲ್ ಹಾಕಿಯೂ ಪಟ್ಟಿಯ ಅಕ್ಷರದ ಅಂಚು ಬಾಚಣಿಗೆ ಹಲ್ಲಿನಂತೆ ಕಂಡರೆ ಅದು ಬೇರೆ ವಿಷಯ. ನಮ್ಮ ಎಚ್‌ಡಿ ಚಾನೆಲ್ಲುಗಳು ಸಾಮಾನ್ಯವಾಗಿ 1080ಐಯಲ್ಲಿ ಬರುತ್ತವೆ. ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ, ಸೆಕೆಂಡಿಗೆ 50 ಸಲ. ಇವೆರಡನ್ನು ಸೇರಿಸಿ ಪೂರ್ತಿ ಚಿತ್ರ ಮಾಡುವ ಕೆಲಸ ಬಾಕ್ಸ್ ಮಾಡಬೇಕು ಅಥವಾ ಟಿವಿ ಮಾಡಬೇಕು. ಬಾಕ್ಸಿನ ಔಟ್‌ಪುಟ್ಟನ್ನು 1080ಐ, 1080ಪಿ (ಎಲ್ಲ ಗೆರೆ ಒಟ್ಟಿಗೆ) ಎರಡರಲ್ಲೂ ಇಟ್ಟು ನೋಡಿ. ಯಾವುದರಲ್ಲಿ ಹಲ್ಲು ಕಾಣುವುದಿಲ್ಲವೋ ಅದನ್ನೇ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಎಚ್‌ಡಿ ಅಂತ ಬರೆದದ್ದೆಲ್ಲ ಒಂದೇ ಗುಣಮಟ್ಟದ್ದಲ್ಲ. ಚುಕ್ಕೆ ಎಷ್ಟೇ ಇರಲಿ, ಸೆಕೆಂಡಿಗೆ ಎಷ್ಟು ಡೇಟಾ ಕೊಟ್ಟಿದ್ದಾರೆ ಅನ್ನುವುದೂ ಮುಖ್ಯ. ಡೇಟಾ ಹಿಂಡಿದರೆ ವಾಂಖೆಡೆಯ ಹುಲ್ಲು ಕ್ಯಾಮೆರಾ ತಿರುಗಿದಾಗ ಒಂದೇ ಹಸಿರಾಗಿ, ಕ್ಯಾಮೆರಾ ನಿಂತ ಮೇಲೆ ಮತ್ತೆ ಹುಲ್ಲಾಗುತ್ತದೆ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ.

ಬಾಕ್ಸ್ ಮತ್ತು ಅದರ ಬೆನ್ನು

ಅತಿ ಹೆಚ್ಚು ಸಲ ರೋಗ ಸಿಗುವುದು ಇಲ್ಲೇ. ಮುಲುಂಡ್‌ನಲ್ಲಿ ಚಿಕ್ಕಮ್ಮನ ಮನೆಗೆ 50 ಇಂಚಿನ 4ಕೆ ಟಿವಿ ಬಂದಿತ್ತು. "ಎಲ್ಲರ ಮುಖಕ್ಕೂ ಬೆಣ್ಣೆ ಸವರಿದ ಹಾಗೆ ಕಾಣ್ತದೆ ಮಾರಾಯ" ಅಂತ ಫೋನು. ಹೋಗಿ ನೋಡಿದರೆ ಮಸುಕು ಮಾತ್ರ ಅಲ್ಲ, ಧಾರಾವಾಹಿಯ ನಾಯಕಿಯ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಕುತ್ತಿಗೆಯ ಮೇಲೆ ಹರಡಿತ್ತು. ಅಂಚಿನ ಉದ್ದಕ್ಕೂ ಸಣ್ಣ ಚುಕ್ಕೆಗಳು ಇರುವೆಗಳಂತೆ ಮೇಲೇರುತ್ತಿದ್ದವು. ಇದು ಕಂಡರೆ ಬೇರೆ ಎಲ್ಲಿಯೂ ಹುಡುಕಬೇಕಿಲ್ಲ. ಟಿವಿಯ ಬೆನ್ನಿಗೆ ಕೈಹಾಕಿದೆ. ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ವೈರು.

"ಚಿಕ್ಕಮ್ಮಾ, ಈ ಬಾಕ್ಸಿಗೆ ಎಚ್‌ಡಿಎಂಐ ತೂತೇ ಇಲ್ಲ."

"ಇಲ್ಲದಿದ್ರೆ ಏನಾಯ್ತು? ಕೇಬಲ್‌ನವ ಬಂದು ಹಾಕಿಕೊಟ್ಟು ಹೋದ. ಚಿತ್ರ ಬರ್ತದಲ್ಲ?"

ಬರುತ್ತದೆ ನಿಜ. ಆ ಮೂರರಲ್ಲಿ ಚಿತ್ರ ಹೊರುವುದು ಹಳದಿ ಒಂದೇ, ಉಳಿದೆರಡು ಧ್ವನಿಗೆ. ಬೆಳಕು, ಬಣ್ಣ ಎರಡನ್ನೂ ಕಲಸಿ ಒಂದೇ ತಂತಿಯಲ್ಲಿ ಕಳಿಸಿ, ಟಿವಿಯೊಳಗೆ ಮತ್ತೆ ಬೇರ್ಪಡಿಸಬೇಕು. ಬೇರ್ಪಡಿಸುವಾಗ ಪೂರ್ತಿ ಬಿಡಿಸಿಕೊಳ್ಳದ ಬಣ್ಣವೇ ಅಂಚಿನಲ್ಲಿ ಇರುವೆಗಳಂತೆ ಏರಿದ್ದು. ಆ ತಂತಿಯಲ್ಲಿ ಬಣ್ಣಕ್ಕೆ ಸಿಗುವ ಜಾಗವೂ ಕಡಿಮೆ, ಅದಕ್ಕೇ ಅದು ಕುತ್ತಿಗೆಯ ಮೇಲೆ ಹರಡಿದ್ದು. ಹಳದಿ ಪಿನ್ನಿನಲ್ಲಿ ಎಸ್‌ಡಿಗಿಂತ ಹೆಚ್ಚಿನದು ಹೋಗುವುದೇ ಇಲ್ಲ. ಬಾಕ್ಸ್ ಎಚ್‌ಡಿಯದ್ದಾದರೂ ಈ ವೈರು ಹಾಕಿದರೆ ಎಸ್‌ಡಿಯೇ. ಪೇಟೆಯಲ್ಲಿ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. "1080 ಆಗುತ್ತೆ" ಅಂತ ಮಾರುತ್ತಾರೆ. ಅದೂ ಹಿಗ್ಗಿಸುವ ಕೆಲಸವೇ, ಸುಮ್ನೆ ದುಡ್ಡು ದಂಡ. ಚಿಕ್ಕಮ್ಮನ ಮನೆಗೆ ಬೇಕಾದದ್ದು ಎಚ್‌ಡಿ ಬಾಕ್ಸ್, ಮತ್ತೆ ಅವರು ನೋಡುವ ಎರಡು ಕನ್ನಡ ಚಾನೆಲ್ಲಿನ ಎಚ್‌ಡಿ ಆವೃತ್ತಿ. ಅವರ ಕೇಬಲ್ಲಿನಲ್ಲಿ ಕನ್ನಡ ಎಚ್‌ಡಿ ಇರಲಿಲ್ಲ. ಡಿಟಿಎಚ್‌ಗೆ ಬದಲಾಯಿಸಿದ ಮೇಲೆ ಸೀರೆಯ ಬಣ್ಣ ಸೀರೆಯಲ್ಲೇ ನಿಂತಿತು.

ಎಚ್‌ಡಿಎಂಐ ವೈರೇ ಇದ್ದರೂ ಬಾಕ್ಸಿನ ಮೆನುಗೆ ಹೋಗಿ ಔಟ್‌ಪುಟ್ ರೆಸಲ್ಯೂಷನ್ ನೋಡಿ. 576ಪಿಯಲ್ಲಿ ಕೂತ ಬಾಕ್ಸ್‌ಗಳು ಬೇಕಾದಷ್ಟಿವೆ. ಅದೇ ಮೆನುವಿನಲ್ಲಿ ಟಿವಿಯ ಆಕಾರ 4:3 ಅಂತ ಇದ್ದರೆ 16:9 ಮಾಡಿ. ಎಲ್ಲರೂ ದಪ್ಪಗೆ ಕಾಣುತ್ತಿದ್ದದ್ದು ಅದರಿಂದಲೇ ಇರಬಹುದು.

ಆ್ಯಪ್‌ನಲ್ಲೂ ಮಸುಕಾದರೆ

ಎರಡು ಕಡೆ ನೋಡಿ, ಪ್ಲಾನ್ ಮತ್ತು ನೆಟ್. ನೆಟ್‌ಫ್ಲಿಕ್ಸ್‌ನ ಬೇಸಿಕ್ ಪ್ಲಾನ್ 720ಪಿ, ಸ್ಟ್ಯಾಂಡರ್ಡ್ 1080ಪಿ, ಪ್ರೀಮಿಯಂ ಮಾತ್ರ 4ಕೆ. ಬೇಸಿಕ್ ಇಟ್ಟುಕೊಂಡು 4ಕೆ ಹುಡುಕಿದರೆ ಸಿಗುವುದಿಲ್ಲ. ನೆಟ್ಟಿನ ವೇಗ 4ಕೆಗೆ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5 ಅಂತ ಅವರೇ ಹೇಳುತ್ತಾರೆ. ನಮ್ಮ ಸೊಸೈಟಿಗಳಲ್ಲಿ ಬ್ರಾಡ್‌ಬ್ಯಾಂಡ್ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಆದರೂ ಸಂಜೆ ಒಂಬತ್ತಕ್ಕೆ ಚಿತ್ರ ಮಸುಕಾಗುವುದೇಕೆ? ಟಿವಿ 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಕೂತಿರುತ್ತದೆ. ಆ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ವೈಫೈ ಚಾನೆಲ್ ಮೂರೇ, 1, 6 ಮತ್ತು 11. ಗೋಡೆಗೆ ಗೋಡೆ ಅಂಟಿದ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ರೌಟರೂ ಆ ಮೂರರಲ್ಲೇ ಜಗ್ಗಾಡುತ್ತವೆ. ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ರೌಟರು ಹತ್ತಿರವೇ ಇದ್ದರೆ ಲ್ಯಾನ್ ವೈರು ಇನ್ನೂ ಒಳ್ಳೆಯದು. ಟಿವಿಯ ಲ್ಯಾನ್ ಪೋರ್ಟ್ ಹೆಚ್ಚಾಗಿ 100 ಎಂಬಿಪಿಎಸ್‌ನದ್ದು, 4ಕೆಗೆ ಧಾರಾಳ ಸಾಕು.

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ನೋಡುವವರು ಡುಪ್ಲಿಕೇಟ್ ಮೋಡ್ ಬಿಡಿ. ಅದರಲ್ಲಿ ಲ್ಯಾಪ್‌ಟಾಪಿನ ಅಳತೆಯೇ ಟಿವಿಗೂ ಹೋಗಬಹುದು. ಸೆಕೆಂಡ್ ಸ್ಕ್ರೀನ್ ಓನ್ಲಿ ಆರಿಸಿ, ಟಿವಿಯ ಪೂರ್ತಿ ರೆಸಲ್ಯೂಷನ್ ಕೊಡಿ.

4ಕೆ ಸ್ಟಿಕ್ ಅಥವಾ ಗೇಮ್ ಕನ್ಸೋಲ್ ಇದ್ದೂ 4ಕೆ 60 (ಸೆಕೆಂಡಿಗೆ 60 ಫ್ರೇಮ್) ಬರದಿದ್ದರೆ ಟಿವಿಯ ಎಚ್‌ಡಿಎಂಐ ಪೋರ್ಟಿನ ಬಾಗಿಲು ಅರ್ಧ ಮುಚ್ಚಿರಬಹುದು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್ ಅನ್ನುವುದನ್ನು ಆನ್ ಮಾಡಬೇಕು, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟನ್ನು ಎನ್‌ಹಾನ್ಸ್ಡ್ ಮಾಡಬೇಕು. ಎಚ್‌ಡಿಎಂಐ 1.4ರಲ್ಲಿ 4ಕೆ ಸೆಕೆಂಡಿಗೆ 30 ಫ್ರೇಮ್ ತನಕ ಮಾತ್ರ, 60ಕ್ಕೆ 2.0 ಬೇಕು. ನಡುವೆ ಒಂದು ವೈರಿನ ಚಿತ್ರವನ್ನು ಎರಡು ಕಡೆ ಹಂಚುವ ಹಳೇ ಸ್ಪ್ಲಿಟರ್ ಇದ್ದರೆ ತೆಗೆದು ನೋಡಿ. ಎಚ್‌ಡಿಸಿಪಿ 2.2 ಅನ್ನುವ, ನಕಲು ತಡೆಯುವ ಬೀಗ ಗೊತ್ತಿಲ್ಲದ ಸ್ಪ್ಲಿಟರ್ ಇದ್ದಲ್ಲಿ 4ಕೆ ಸಿನಿಮಾ ಫುಲ್ ಎಚ್‌ಡಿಗೆ ಇಳಿಯುತ್ತದೆ ಇಲ್ಲವೇ ಬರುವುದೇ ಇಲ್ಲ.

ಟಿವಿಯ ಸೆಟ್ಟಿಂಗ್

ಶಾರ್ಪ್‌ನೆಸ್ ಏರಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ, ಮಾಡಬಾರದ ಕೆಲಸವೂ ಅದೇ. ಅದು ವಿವರ ತರುವುದಿಲ್ಲ, ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ಬಹಳ ಟಿವಿಗಳಲ್ಲಿ ಕೆಳಗಿನ ಅಂಕಿಯೇ ಸರಿ. ಸೋನಿಯಲ್ಲಿ ಮಾತ್ರ 50 ಮಧ್ಯದ ಬಿಂದು, ಅದಕ್ಕಿಂತ ಇಳಿಸಿದರೆ ಮಸುಕಾಗುತ್ತದೆ. ಎಚ್‌ಡಿ ಚಾನೆಲ್ಲಿಗೆ ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಚರ್ಮ, ಬಟ್ಟೆಯ ನೇಯ್ಗೆ ಎಲ್ಲ ಅದು ಒರೆಸಿಹಾಕುತ್ತದೆ.

ಚಾನೆಲ್ ಲೋಗೋ ಅಂಚಿನಲ್ಲಿ ಅರ್ಧ ಕತ್ತರಿಸಿದಂತಿದ್ದರೆ ಓವರ್‌ಸ್ಕ್ಯಾನ್ ಆನ್ ಆಗಿದೆ. ಹಳೇ ಟ್ಯೂಬ್ ಟಿವಿಯ ಕಾಲದ ಅಭ್ಯಾಸ ಅದು. ಅಂಚು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುವುದರಿಂದ ಫುಲ್ ಎಚ್‌ಡಿಯೂ ಸ್ವಲ್ಪ ಮಸುಕಾಗುತ್ತದೆ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಫುಲ್ ಪಿಕ್ಸೆಲ್ ಆರಿಸಿದರೆ ಅದು ನಿಲ್ಲುತ್ತದೆ.

ಸೋಫಾ ಎಷ್ಟು ದೂರ?

ಹಳೇ ಡಬ್ಬವೇ ಚೆನ್ನಾಗಿತ್ತು ಅನ್ನುವ ಮಾತು ಸುಳ್ಳಲ್ಲ. ಕಣ್ಣಿನ ಪರೀಕ್ಷೆಯಲ್ಲಿ 6/6 ಬಂದವರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರ ಬಿಡಿಸಿ ನೋಡಬಲ್ಲರು. ಆ ಲೆಕ್ಕದಲ್ಲಿ 21 ಇಂಚಿನ ಟ್ಯೂಬ್ ಟಿವಿಯ 576 ಗೆರೆಗಳು ಸುಮಾರು 6 ಅಡಿ ದಾಟಿದರೆ ಬೇರೆಬೇರೆಯಾಗಿ ಕಾಣುವುದಿಲ್ಲ. ಎಂಟು ಅಡಿಯಲ್ಲಿ ಕೂತವರಿಗೆ ಚಿತ್ರ ನುಣುಪು. ಅದೇ ಎಸ್‌ಡಿ 43 ಇಂಚಿಗೆ ಹಿಗ್ಗಿದರೆ ಹತ್ತೂವರೆ ಅಡಿ ದೂರ ಬೇಕು, 55 ಇಂಚಿಗೆ 13 ಅಡಿಯ ಮೇಲೆ. ಮುಂಬಯಿಯ ಒನ್ ಬಿಎಚ್‌ಕೆ ಹಾಲಿನಲ್ಲಿ 13 ಅಡಿ ಹಿಂದೆ ಸರಿದರೆ ಅಡುಗೆಮನೆಯಲ್ಲಿ ಕೂತು ನೋಡಬೇಕಾದೀತು! ಟಿವಿ ದೊಡ್ಡದಾಯಿತು, ಹಾಲ್ ಅಷ್ಟೇ ಇತ್ತು, ಚಾನೆಲ್ಲೂ ಅಷ್ಟೇ ಇತ್ತು.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. 55 ಇಂಚಿನಲ್ಲಿ ಫುಲ್ ಎಚ್‌ಡಿಯ ಚುಕ್ಕೆ ಸುಮಾರು 7 ಅಡಿಯಾಚೆ ಕಾಣುವುದಿಲ್ಲ. ಎಂಟು ಅಡಿಯಲ್ಲಿ ಕೂತವರಿಗೆ ಫುಲ್ ಎಚ್‌ಡಿಗೂ 4ಕೆಗೂ ಚೂಪಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎಸ್‌ಡಿಗೂ ಎಚ್‌ಡಿಗೂ ಮಾತ್ರ ಅಜಗಜಾಂತರ. ನನ್ನನ್ನು ಕೇಳಿದರೆ ನಮ್ಮ ಹಾಲುಗಳಿಗೆ ಮೊದಲು ಬೇಕಾದದ್ದು ಎಚ್‌ಡಿ ಚಾನೆಲ್. 4ಕೆ ಆಮೇಲೆ.

ಪರದೆಯ ಮೇಲೇ ಅನುಮಾನ ಬಂದರೆ

ಕಡಿಮೆ ಬೆಲೆಯ ಕೆಲವು ಟಿವಿಗಳ ಡಬ್ಬದ ಮೇಲೆ "4ಕೆ ಸಪೋರ್ಟ್" ಅಂತ ದೊಡ್ಡದಾಗಿ ಬರೆದಿರುತ್ತದೆ. 4ಕೆ ವಿಡಿಯೋ ಒಳಗೆ ತೆಗೆದುಕೊಳ್ಳುತ್ತದೆ ಅಂತ ಅರ್ಥ ಅಷ್ಟೇ. ಪರದೆಯಲ್ಲಿ 1920 x 1080 ಇರಬಹುದು, ಎಚ್‌ಡಿ ರೆಡಿ ಅನ್ನುವ 1366 x 768 ಕೂಡ ಇರಬಹುದು. ಯೂಟ್ಯೂಬ್ ಪರೀಕ್ಷೆಯಲ್ಲಿ ಎಲೆಯ ನರ ಕಾಣಲಿಲ್ಲ ಅಂದರೆ ಎಣಿಸಿಬಿಡಿ. ಪರದೆ ಪೂರ್ತಿ ಬಿಳಿ ಮಾಡಿ. ಮಕ್ಕಳ ಪಾರದರ್ಶಕ ಸ್ಕೇಲನ್ನು ಅಡ್ಡಕ್ಕೆ ಮೆಲ್ಲಗೆ ಹಿಡಿಯಿರಿ, ಒತ್ತಬೇಡಿ. ಫೋನನ್ನು ಹತ್ತಿರ ತಂದು ಫೋಟೊ ತೆಗೆದು ದೊಡ್ಡದು ಮಾಡಿ. ಕೆಂಪು, ಹಸಿರು, ನೀಲಿ ಪಟ್ಟಿಗಳ ಸಾಲು ಕಾಣುತ್ತದೆ. ಮೂರು ಸೇರಿ ಒಂದು ಪಿಕ್ಸೆಲ್. ಕೆಂಪನ್ನು ಮಾತ್ರ ಎಣಿಸಿದರೆ ಸಾಕು.

43 ಇಂಚಿನ ಟಿವಿಯಾದರೆ ಒಂದು ಸೆಂಟಿಮೀಟರಿನಲ್ಲಿ 4ಕೆಗೆ ಸುಮಾರು 40 ಕೆಂಪು ಬರಬೇಕು. ಫುಲ್ ಎಚ್‌ಡಿಗೆ 20, ಎಚ್‌ಡಿ ರೆಡಿಗೆ 14. 55 ಇಂಚಿನಲ್ಲಿ 4ಕೆಗೆ 31 ಅಥವಾ 32, ಫುಲ್ ಎಚ್‌ಡಿಗೆ 16. 4ಕೆ ಪರದೆ ಅಂತ ಬಿಲ್ಲಿನಲ್ಲಿ ಬರೆಸಿಕೊಂಡು ಬಂದ 43 ಇಂಚಿನಲ್ಲಿ 14 ಬಂದರೆ ಆ ಫೋಟೊ, ಬಿಲ್ಲು, ಡಬ್ಬ ಮೂರನ್ನೂ ಹಿಡಿದುಕೊಂಡು ವಾಪಸಾತಿಯ ಗಡುವು ಮುಗಿಯುವ ಮೊದಲೇ ಅಂಗಡಿಗೆ ಹೋಗಿ.